ದುಬಾರಿ ಅಡುಗೆ ಚಾಕುಗಳು: ಯಾವ ಬೆಲೆಯವರೆಗೆ ಹಣ ಸಾರ್ಥಕ?

ಅಡುಗೆಮನೆಯ ಚಾಕು ಸಂತೆಯಲ್ಲಿ 100 ರೂಪಾಯಿಗೆ ಸಿಗುತ್ತದೆ. ಜಪಾನಿನ ಹೆಸರಾಂತ ಕಮ್ಮಾರನೊಬ್ಬನ ಕೈಯಿಂದ ಬಂದದ್ದಾದರೆ 40,000 ರೂಪಾಯಿಯನ್ನೂ ದಾಟುತ್ತದೆ. ಬೆಲೆಯಲ್ಲಿ ನಾನೂರು ಪಟ್ಟು ಅಂತರವಿರುವ ಈ ಎರಡೂ ವಸ್ತುಗಳು ಮಾಡುವ ಕೆಲಸ ಮಾತ್ರ ಒಂದೇ: ಹುರುಳಿಕಾಯಿ ಹೆಚ್ಚುವುದು, ಈರುಳ್ಳಿ ಕೊಚ್ಚುವುದು, ಸೊಪ್ಪು ಕತ್ತರಿಸುವುದು. ಹೀಗಿರುವಾಗ ಆ ಹೆಚ್ಚಿನ ಬೆಲೆ ಯಾವುದಕ್ಕೆ ಹೋಗುತ್ತದೆ, ಅದರಲ್ಲಿ ಎಷ್ಟು ಪಾಲು ಕೈಗೆ ದಕ್ಕುತ್ತದೆ, ಎಷ್ಟು ಪಾಲು ಕಣ್ಣಿಗಷ್ಟೇ ಉಳಿಯುತ್ತದೆ ಎನ್ನುವುದನ್ನು ಕೊಳ್ಳುವ ಮುಂಚೆಯೇ ತಿಳಿದಿರುವುದು ಒಳ್ಳೆಯದು. ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ಮನೆಯ ದಿನನಿತ್ಯದ ಅಡುಗೆಗೆ ಬೇರೆ ಬೇರೆ ದರ್ಜೆಯ ಚಾಕುಗಳನ್ನು ಬಳಸಿ, ಅವನ್ನು ನಾನೇ ಮಸೆದು ಕಂಡುಕೊಂಡದ್ದರ ಆಧಾರದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಕೆಲವು ನೂರು ರೂಪಾಯಿಯ ಚಾಕುವಿನಿಂದ ಮೂರು ನಾಲ್ಕು ಸಾವಿರದ ಚಾಕುವಿಗೆ ಏರಿದಾಗ ಸಿಗುವ ಲಾಭ ದೊಡ್ಡದು, ಯಾರ ಕೈಗಾದರೂ ಗೊತ್ತಾಗುವಂಥದ್ದು. ಅಲ್ಲಿಂದ ಹದಿನೈದು ಸಾವಿರದ ಆಸುಪಾಸಿಗೆ ಏರಿದಾಗಲೂ ಲಾಭವಿದೆ, ಆದರೆ ಅದು ಮಸೆಯುವುದನ್ನು ಕಲಿತವರಿಗೆ ಮಾತ್ರ ದಕ್ಕುತ್ತದೆ. ಅದಕ್ಕೂ ಮೇಲೆ ಕೊಡುವ ಹಣದಲ್ಲಿ ಬಹುಪಾಲು ಕುಶಲಕರ್ಮಿಯ ಶ್ರಮಕ್ಕೆ, ಅಂದಕ್ಕೆ ಮತ್ತು ಹೆಸರಿಗೆ ಹೋಗುತ್ತದೆ. ತರಕಾರಿಗೆ ಆ ವ್ಯತ್ಯಾಸ ಬಹಳ ಮಟ್ಟಿಗೆ ತಿಳಿಯುವುದಿಲ್ಲ. ಈ ಮೂರು ಮೆಟ್ಟಿಲುಗಳು ಹೀಗೇಕೆ ಇವೆ ಎನ್ನುವುದು ಅರ್ಥವಾದರೆ, ಅಂಗಡಿಯಲ್ಲಿ ಕಾಣುವ ಯಾವ ಚಾಕುವಿನ ಮುಂದೆ ನಿಂತರೂ ಲೆಕ್ಕ ಹಾಕುವುದು ಸುಲಭ.

ಹರಿತಕ್ಕಿಂತ ಮೊದಲು ತೆಳುವು

ಚಾಕು ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಉಕ್ಕು ಯಾವುದು ಎಂದು. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದದ್ದು ಅಲಗು ಎಷ್ಟು ತೆಳುವಾಗಿದೆ, ಅದರಲ್ಲೂ ಅಂಚಿನ ಹಿಂಭಾಗದಲ್ಲಿ ಎಷ್ಟು ತೆಳುವಾಗಿದೆ ಎಂದು. ದಪ್ಪ ಅಲಗಿನ ಚಾಕುವಿನಿಂದ ಗಜ್ಜರಿಯನ್ನು ಹೆಚ್ಚಿದರೆ ಅಂಚು ಅರ್ಧದವರೆಗೆ ಇಳಿದ ಮೇಲೆ ಉಳಿದರ್ಧ ಟಕ್ ಎಂದು ಸೀಳಿ ಹಾರುವುದನ್ನು ಎಲ್ಲರೂ ನೋಡಿರುತ್ತಾರೆ. ಅಲ್ಲಿ ಚಾಕು ಕತ್ತರಿಸುತ್ತಿಲ್ಲ, ಬೆಣೆಯಂತೆ ನುಗ್ಗಿ ಸೀಳುತ್ತಿದೆ. ಸುವರ್ಣಗೆಡ್ಡೆ, ಕುಂಬಳ, ಬೀಟ್‌ರೂಟ್‌ನಂಥ ಗಟ್ಟಿ ತರಕಾರಿಗಳಲ್ಲಿ ಈ ಬೆಣೆಯ ಗುಣವೇ ತೋಳಿನ ಶಕ್ತಿಯನ್ನೆಲ್ಲ ತಿನ್ನುತ್ತದೆ. ಅಂಚು ಎಷ್ಟೇ ಹರಿತವಾಗಿದ್ದರೂ ಅದರ ಹಿಂದೆ ದಪ್ಪ ಗೋಡೆಯಿದ್ದರೆ ಚಾಕು ಒಳಗೆ ಇಳಿಯಲು ಒಪ್ಪುವುದಿಲ್ಲ.

ಜರ್ಮನ್ ಮಾದರಿಯ ಅಡುಗೆ ಚಾಕುವಿನ ಬೆನ್ನು ಸುಮಾರು 2.5ರಿಂದ 3 ಮಿಲಿಮೀಟರ್ ದಪ್ಪವಿರುತ್ತದೆ, ಜಪಾನಿನ ತೆಳು ಚಾಕುಗಳಲ್ಲಿ ಅದು ಹೆಚ್ಚೂಕಡಿಮೆ 2 ಮಿಲಿಮೀಟರ್. ಆದರೆ ಬೆನ್ನಿನ ದಪ್ಪ ಅರ್ಧ ಕಥೆ ಮಾತ್ರ. ಬೆನ್ನಿನಿಂದ ಅಂಚಿನವರೆಗೆ ಅಲಗು ಹೇಗೆ ಇಳಿಯುತ್ತಾ ಬರುತ್ತದೆ ಎನ್ನುವುದೇ ನಿಜವಾದ ಕೈಕೆಲಸ, ಮತ್ತು ಅಂಗಡಿಯಲ್ಲಿ ಅದನ್ನು ನೋಡಲು ಸುಲಭವಾದ ಉಪಾಯವಿದೆ: ಚಾಕುವಿನ ಹಿಡಿಯನ್ನು ಕಣ್ಣಿನ ಕಡೆಗೆ ತಿರುಗಿಸಿ, ಹಿಡಿಗೆ ಹತ್ತಿರವಿರುವ ಅಲಗಿನ ಬುಡವನ್ನು ನೇರವಾಗಿ ನೋಡಿದರೆ ಅಡ್ಡಕೊಯ್ತದ ಆಕಾರ ಎದ್ದು ಕಾಣುತ್ತದೆ. ಅಂಚಿನ ಮೇಲೆ ಉಬ್ಬಿಕೊಂಡಂತೆ ಕಂಡರೆ ಅದು ಬೆಣೆ. ಎರಡೂ ಕಡೆಯಿಂದ ಸಣ್ಣಗೆ ಇಳಿದು ಕೊನೆಯಲ್ಲಿ ಗೆರೆಯಾಗಿ ಮುಗಿದರೆ ಅದು ಕತ್ತರಿಸುವ ಚಾಕು.

ಅಂಚಿನ ಕೋನವೂ ಇದರ ಜೊತೆಗೇ ಸೇರುತ್ತದೆ. ಸಾಮಾನ್ಯವಾಗಿ ಯುರೋಪಿನ ಚಾಕುಗಳನ್ನು ಪ್ರತಿ ಬದಿಗೆ 15ರಿಂದ 20 ಡಿಗ್ರಿ ಕೋನದಲ್ಲಿ ಮಸೆದಿರುತ್ತಾರೆ, ಜಪಾನಿನವುಗಳನ್ನು 10ರಿಂದ 15 ಡಿಗ್ರಿಯಲ್ಲಿ. ಕೋನ ಕಿರಿದಾದಷ್ಟೂ ಚಾಕು ಹಗುರವಾಗಿ ಇಳಿಯುತ್ತದೆ, ಮೊಂಡಾದ ಮೇಲೂ ಸ್ವಲ್ಪ ಕಾಲ ಕತ್ತರಿಸುತ್ತಲೇ ಇರುತ್ತದೆ. ಹಾಗಾದರೆ ಎಲ್ಲ ಚಾಕುಗಳನ್ನೂ 10 ಡಿಗ್ರಿಗೆ ಮಸೆದುಬಿಡಬಹುದಲ್ಲ ಎಂದರೆ, ಆಗದು. ಅಷ್ಟು ತೆಳುವಾದ ಅಂಚು ನಿಲ್ಲಬೇಕಾದರೆ ಉಕ್ಕು ಗಟ್ಟಿಯಾಗಿರಬೇಕು. ಬೆಲೆ ಏರತೊಡಗುವುದು ಇಲ್ಲಿಂದಲೇ.

ಉಕ್ಕಿನ ಗಡಸುತನ, ಅದರ ಎರಡು ಮುಖ

ಚಾಕುವಿನ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಮಾಪನದಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳು 55–56ರ ಮಟ್ಟದಲ್ಲಿರುತ್ತವೆ, ಜರ್ಮನಿಯ ವುಸ್ತಾಫ್ ಮತ್ತು ಜ್ವಿಲ್ಲಿಂಗ್ ಚಾಕುಗಳು 57–58ರ ಸುತ್ತ. ಜಪಾನಿನ ವಿಜಿ-10 ಉಕ್ಕಿನವು 60–61, ಪುಡಿಲೋಹದಿಂದ ಮಾಡಿದ ಎಸ್‌ಜಿ2 ಉಕ್ಕಿನವು 62–64. ಅಂಕಿಗಳ ನಡುವಿನ ಅಂತರ ಕಡಿಮೆ ಎನಿಸಬಹುದು, ಆದರೆ ಅಂಚಿನ ನಡವಳಿಕೆಯಲ್ಲಿ ಇದು ಬಹಳ ದೊಡ್ಡ ಅಂತರ. ಮೆದು ಉಕ್ಕಿನ ಅಂಚು ಮಣೆಗೆ ತಾಗಿ ತಾಗಿ ಒಂದು ಬದಿಗೆ ಮಡಚಿಕೊಳ್ಳುತ್ತದೆ. ಉಕ್ಕಿನ ಕಡ್ಡಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ನೆಟ್ಟಗಾಗುತ್ತದೆ. ಗಟ್ಟಿ ಉಕ್ಕಿನ ಅಂಚು ಮಡಚುವುದಿಲ್ಲ, ವಾರಗಟ್ಟಲೆ ಹಾಗೆಯೇ ನಿಲ್ಲುತ್ತದೆ; ಆದರೆ ಸಹಿಸಲಾರದ ಒತ್ತಡ ಬಿದ್ದಾಗ ಬಾಗುವ ಬದಲು ಚಕ್ಕೆ ಏಳುತ್ತದೆ. ಎದ್ದ ಚಕ್ಕೆಯನ್ನು ಕಡ್ಡಿಯಿಂದ ಸರಿಪಡಿಸಲು ಬರುವುದಿಲ್ಲ, ಕಲ್ಲಿನ ಮೇಲೆ ಅಷ್ಟೂ ಉಕ್ಕನ್ನು ಸವೆಸಬೇಕು.

ನಮ್ಮ ಮನೆಯಲ್ಲಿ ಒಮ್ಮೆ ಹಬ್ಬದ ಅಡುಗೆಯ ಗಡಿಬಿಡಿಯಲ್ಲಿ, ಕೈಗೆ ಸಿಕ್ಕಿದ ಜಪಾನಿ ಚಾಕುವಿನಿಂದ ತೆಂಗಿನ ಕಾಯಿಯ ಹೋಳನ್ನು ಚಿಪ್ಪಿನಿಂದ ಎಬ್ಬಿಸಲು ಹೋದವರೊಬ್ಬರ ಕೈಯಲ್ಲಿ ಅಂಚಿನಿಂದ ಅರ್ಧಚಂದ್ರಾಕಾರದ ಎರಡು ಚೂರು ಹಾರಿಹೋದವು. ತಪ್ಪು ಅವರದಲ್ಲ, ಅದೇ ಕೆಲಸವನ್ನು ಅವರು ಮೂವತ್ತು ವರ್ಷ ಸಾಧಾರಣ ಚಾಕುವಿನಿಂದ ಮಾಡಿದ್ದರು, ಅದೆಂದೂ ಮುರಿದಿರಲಿಲ್ಲ. ಅದನ್ನು ಮತ್ತೆ ನೇರ ಮಾಡಲು ನನಗೆ ಒರಟು ಕಲ್ಲಿನ ಮೇಲೆ ಎರಡು ಸಂಜೆ ಹಿಡಿಯಿತು. ತೆಂಗಿನ ಚಿಪ್ಪು, ಕೋಳಿಯ ಮೂಳೆ, ಹಲಸಿನ ಹಣ್ಣಿನ ದಿಂಡು, ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸ, ಮೀನಿನ ತಲೆ ಇವೆಲ್ಲ ದಿನವೂ ಬರುವ ಅಡುಗೆಮನೆಯಲ್ಲಿ ಇರುವುದು ಒಂದೇ ಚಾಕು ಎಂದಾದರೆ, ಅದು 60ರ ಮೇಲಿನ ಗಡಸುತನದ್ದಾಗಿರಬಾರದು. ಈ ಮಾತನ್ನು ಮಾರುವವರು ಸಾಕಷ್ಟು ಒತ್ತಿ ಹೇಳುವುದಿಲ್ಲ ಎನ್ನುವುದು ನನ್ನ ಬೇಸರ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ದಾರಿ

ಜರ್ಮನಿಯ ಜೋಲಿಂಗನ್ ನಗರ ಶತಮಾನಗಳಿಂದ ಚಾಕು ಕತ್ತಿಗಳಿಗೆ ಹೆಸರಾದದ್ದು. ಜ್ವಿಲ್ಲಿಂಗ್‌ನ ಗುರುತು ಅಲ್ಲಿ 1731ರಲ್ಲಿ ದಾಖಲಾಯಿತು, ವುಸ್ತಾಫ್ 1814ರಲ್ಲಿ ಆರಂಭವಾಯಿತು. ಜೋಲಿಂಗನ್ ಎಂಬ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆಯಿದ್ದು, ತಯಾರಿಕೆಯ ಮುಖ್ಯ ಹಂತಗಳು ಆ ಪ್ರದೇಶದಲ್ಲಿಯೇ ನಡೆದ ವಸ್ತುವಿನ ಮೇಲೆ ಮಾತ್ರ ಅದನ್ನು ಅಚ್ಚೊತ್ತಬಹುದು. ಈ ಚಾಕುಗಳಲ್ಲಿ ಸಾಮಾನ್ಯವಾಗಿ ಬಳಸುವ ಉಕ್ಕಿನಲ್ಲಿ ಸುಮಾರು 0.5 ಶೇಕಡ ಇಂಗಾಲ, 15 ಶೇಕಡ ಕ್ರೋಮಿಯಂ ಇರುತ್ತವೆ; ತುಕ್ಕು ಹಿಡಿಯುವುದಿಲ್ಲ, ಪೆಟ್ಟು ತಡೆಯುತ್ತದೆ, ಯಾವ ಸಾಧಾರಣ ಕಲ್ಲಿನ ಮೇಲೂ ಬೇಗ ಹರಿತವಾಗುತ್ತದೆ.

ಕುತೂಹಲದ ಸಂಗತಿಯೆಂದರೆ 1884ರಲ್ಲಿ ಸ್ಥಾಪನೆಯಾದ ವಿಕ್ಟೋರಿನಾಕ್ಸ್ ತನ್ನ ಪ್ಲಾಸ್ಟಿಕ್ ಹಿಡಿಯ ಅಡುಗೆ ಚಾಕುಗಳಿಗೆ ಬಳಸುವುದೂ ಇದೇ ವರ್ಗದ ಉಕ್ಕನ್ನು, ಬೆಲೆ ಮಾತ್ರ ಜರ್ಮನ್ ಚಾಕುವಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಜರ್ಮನ್ ಚಾಕುವನ್ನು ಕಾಯಿಸಿ ಬಡಿದು ರೂಪಿಸಿರುತ್ತಾರೆ, ಸ್ವಿಸ್ ಚಾಕುವನ್ನು ಉಕ್ಕಿನ ಹಾಳೆಯಿಂದ ಕತ್ತರಿಸಿ ತೆಗೆದಿರುತ್ತಾರೆ. ಬಡಿದದ್ದೇ ಶ್ರೇಷ್ಠ ಎಂಬ ನಂಬಿಕೆ ಹಳೆಯದು, ಆದರೆ ಇಂದಿನ ಗಿರಣಿಯ ಉಕ್ಕಿಗೆ ಅದು ಅಷ್ಟಾಗಿ ಅನ್ವಯಿಸುವುದಿಲ್ಲ. ಅಲಗಿನ ಗುಣವನ್ನು ನಿರ್ಧರಿಸುವುದು ಅದನ್ನು ಕಾಯಿಸಿ, ತಣಿಸಿ, ಹದಗೊಳಿಸಿದ ರೀತಿ. ತೆಳುವಾಗಿರುವ ಕಾರಣಕ್ಕೆ ಸ್ವಿಸ್ ಚಾಕುವೇ ಗಜ್ಜರಿಯಲ್ಲಿ ಹಗುರವಾಗಿ ಇಳಿಯುತ್ತದೆ. ಜರ್ಮನ್ ಚಾಕುವಿಗೆ ಕೊಡುವ ಹೆಚ್ಚಿನ ಹಣ ತೂಕಕ್ಕೆ, ಹಿಡಿಯ ಅಂದಕ್ಕೆ, ಕೈಯಲ್ಲಿ ಹಿಡಿದಾಗಿನ ಭರವಸೆಗೆ ಸಲ್ಲುತ್ತದೆ. ತೂಕದ ಚಾಕು ಇಷ್ಟಪಡುವವರಿಗೆ ಅದೇನೂ ಸಣ್ಣ ಸುಖವಲ್ಲ, ಆದರೆ ಹೆಚ್ಚುವ ಕೆಲಸದ ದೃಷ್ಟಿಯಿಂದ ಮಾತ್ರ ನೋಡುವುದಾದರೆ ಈ ಏರಿಕೆಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಜಪಾನಿನ ಚಾಕು, ಅದರ ಊರುಗಳು

ಜಪಾನಿನಲ್ಲಿ ಚಾಕುವಿನ ಊರುಗಳು ಹಲವು. ಒಸಾಕಾ ಪ್ರಾಂತ್ಯದ ಸಕಾಯಿ, ಗಿಫು ಪ್ರಾಂತ್ಯದ ಸೆಕಿ, ಫುಕುಯಿ ಪ್ರಾಂತ್ಯದ ಎಚಿಜೆನ್ ಇವುಗಳಲ್ಲಿ ಮುಖ್ಯವಾದವು. ಸಕಾಯಿಯಲ್ಲಿ ಕೆಲಸ ಹಂಚಿಹೋಗಿದೆ: ಒಬ್ಬ ಕುಲುಮೆಯಲ್ಲಿ ಬಡಿದು ರೂಪ ಕೊಡುತ್ತಾನೆ, ಇನ್ನೊಬ್ಬ ಕಲ್ಲಿನ ಮೇಲೆ ತೆಳುಗೊಳಿಸಿ ಹರಿತ ತರುತ್ತಾನೆ, ಮತ್ತೊಬ್ಬ ಹಿಡಿ ಕೂರಿಸುತ್ತಾನೆ, ಮತ್ತು ಇವರೆಲ್ಲರೂ ಬೇರೆ ಬೇರೆ ಕಾರ್ಯಾಗಾರಗಳವರು. ಒಂದು ಚಾಕುವಿನ ಬೆಲೆಯೊಳಗೆ ಮೂರು ಮನೆಗಳ ದುಡಿಮೆ ಸೇರಿರುತ್ತದೆ. ಸೆಕಿಯಲ್ಲಿ ದೊಡ್ಡ ಕಾರ್ಖಾನೆಗಳೂ ಇವೆ. 1908ರಿಂದ ಇರುವ ಕಾಯ್ ಸಂಸ್ಥೆಯ ಶುನ್ ಚಾಕುಗಳು ಅಲ್ಲಿಯವೇ, ಜ್ವಿಲ್ಲಿಂಗ್ ತನ್ನ ಮಿಯಾಬಿ ಚಾಕುಗಳನ್ನು ಮಾಡಿಸುವುದೂ ಅಲ್ಲಿಯೇ.

ಉಕ್ಕುಗಳಲ್ಲಿ ಎರಡು ಬಣಗಳನ್ನು ಗುರುತಿಸಿಕೊಂಡರೆ ಸಾಕು. ಮೊದಲನೆಯದು ತುಕ್ಕು ಹಿಡಿಯದ ಬಣ. ಎಚಿಜೆನ್‌ನ ತಕೆಫು ಕಂಪನಿ ತಯಾರಿಸುವ ವಿಜಿ-10 ಇದರ ಪ್ರತಿನಿಧಿ. ಅದರಲ್ಲಿ ಸುಮಾರು 1 ಶೇಕಡ ಇಂಗಾಲ, 15 ಶೇಕಡ ಕ್ರೋಮಿಯಂ, ಜೊತೆಗೆ ಸ್ವಲ್ಪ ಕೋಬಾಲ್ಟ್ ಇದೆ. ಅದೇ ಕಂಪನಿಯ ಎಸ್‌ಜಿ2 ಇನ್ನೂ ಮೇಲಿನದು. ಕರಗಿದ ಉಕ್ಕನ್ನು ನುಣ್ಣನೆಯ ಪುಡಿಯಾಗಿಸಿ, ಒತ್ತಡ ಮತ್ತು ಶಾಖದಲ್ಲಿ ಮತ್ತೆ ಒಂದಾಗಿಸುವುದರಿಂದ ಒಳಗಿನ ಗಟ್ಟಿ ಕಣಗಳು ಚಿಕ್ಕದಾಗಿ, ಸಮನಾಗಿ ಹರಡಿಕೊಳ್ಳುತ್ತವೆ, ಅಂಚು ಬಹಳ ಕಾಲ ನಿಲ್ಲುತ್ತದೆ. ಎರಡನೆಯದು ಕಾರ್ಬನ್ ಉಕ್ಕಿನ ಬಣ. ಶಿಮಾನೆ ಪ್ರಾಂತ್ಯದ ಯಸುಗಿಯಲ್ಲಿ, ಮೊದಲು ಹಿಟಾಚಿ ಮೆಟಲ್ಸ್ ಎಂದಿದ್ದು 2023ರಿಂದ ಪ್ರೊಟೀರಿಯಲ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಇವನ್ನು ತಯಾರಿಸುತ್ತದೆ. ಶಿರೊಗಾಮಿ ಎಂದರೆ ಬಿಳಿ ಕಾಗದ, ಆಒಗಾಮಿ ಎಂದರೆ ನೀಲಿ ಕಾಗದ. ಉಕ್ಕಿನ ಪಟ್ಟಿಗೆ ಅಂಟಿಸುತ್ತಿದ್ದ ಕಾಗದದ ಬಣ್ಣವೇ ಹೆಸರಾಗಿ ಉಳಿದಿದೆ. ಬಿಳಿಯದು ಬಹುಮಟ್ಟಿಗೆ ಶುದ್ಧ ಇಂಗಾಲದ ಉಕ್ಕು, ನೀಲಿಯದಕ್ಕೆ ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಸ್ವಲ್ಪ ಸೇರಿರುವುದರಿಂದ ಅದರ ಅಂಚು ಇನ್ನಷ್ಟು ದಿನ ಬಾಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಪಾನಿನದ್ದೆಂದ ಮಾತ್ರಕ್ಕೆ ಎಲ್ಲವೂ ಗಡುಸಾದ ಉಕ್ಕಿನವಲ್ಲ. ಇಡೀ ಚಾಕು ಲೋಹದ್ದೇ ಆಗಿ, ಹಿಡಿಯ ಮೇಲೆ ಕಪ್ಪು ಚುಕ್ಕೆಗಳಿರುವ ಪ್ರಸಿದ್ಧ ಗ್ಲೋಬಲ್ ಚಾಕುಗಳ ಗಡಸುತನ 56–58ರ ಮಟ್ಟದ್ದು, ಅಂದರೆ ಜರ್ಮನ್ ಚಾಕುಗಳ ಸಾಲಿನದೇ. ಅವು ತೆಳುವಾಗಿರುವುದರಿಂದ ಚೆನ್ನಾಗಿ ಕತ್ತರಿಸುತ್ತವೆ, ಅಷ್ಟೆ. ಹೆಸರು ನೋಡಿ ಬೆಲೆ ಕೊಡುವ ಮುಂಚೆ ಉಕ್ಕಿನ ಹೆಸರು ಮತ್ತು ಗಡಸುತನದ ಅಂಕಿ ಎರಡನ್ನೂ ಕೇಳಬೇಕು, ಹೇಳದವರಿಂದ ದುಬಾರಿ ಚಾಕುವನ್ನು ಕೊಳ್ಳಬಾರದು.

ಆಕಾರದ ವಿಷಯದಲ್ಲಿ ನಮ್ಮ ಅಡುಗೆಗೆ ಬಹಳ ಚೆನ್ನಾಗಿ ಹೊಂದುವುದು ನಕಿರಿ ಎಂಬ ಆಯತಾಕಾರದ ಚಾಕು. ಅದನ್ನು ತರಕಾರಿಗೆಂದೇ ರೂಪಿಸಿದ್ದಾರೆ. ಸುಮಾರು 165 ಮಿಲಿಮೀಟರ್ ಉದ್ದದ, ನೆಟ್ಟಗಿನ ಅಂಚಿನ ಈ ಚಾಕು ಪಲ್ಯಕ್ಕೆ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚುವಾಗ, ಸೊಪ್ಪಿನ ಕಟ್ಟನ್ನು ಸಣ್ಣಗೆ ಕೊಚ್ಚುವಾಗ ಇಡೀ ಅಂಚನ್ನು ಮಣೆಗೆ ತಾಗಿಸುತ್ತದೆ, ಕೊನೆಯಲ್ಲಿ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಳಿಯುವುದಿಲ್ಲ. ಮೀನು ಮಾಂಸವನ್ನೂ ಮಾಡುವವರಿಗೆ ಎಲ್ಲ ಕೆಲಸಕ್ಕೂ ಬರುವ ಸಾಂತೊಕು ಅಥವಾ ಅದಕ್ಕಿಂತ ಉದ್ದವಾಗಿ ಮೊನಚಾಗಿರುವ, 210 ಮಿಲಿಮೀಟರಿನ ಗ್ಯೂತೊ ವಾಸಿ. ಒಂದೇ ಬದಿಗೆ ಇಳಿಜಾರಿರುವ ಯನಾಗಿಬಾದಂಥವು ಹಸಿ ಮೀನನ್ನು ತೆಳುವಾಗಿ ಕೊಯ್ಯಲು ಹುಟ್ಟಿದವು. ನಮ್ಮ ಮನೆಗಳಲ್ಲಿ ಅವಕ್ಕೆ ಕೆಲಸವಿಲ್ಲ.

ಅಲೆಯಂಥ ಗೆರೆಗಳಿಗೆ ಕೊಡುವ ಹಣ

ದುಬಾರಿ ಚಾಕುಗಳ ಮೇಲೆ ನೀರಿನ ಅಲೆಗಳಂತೆ ಕಾಣುವ ಗೆರೆಗಳಿಗೆ ಡಮಾಸ್ಕಸ್ ಎಂಬ ಹೆಸರಿದೆ, ಮತ್ತು ಆ ಗೆರೆಗಳಿಗಾಗಿಯೇ ಹೆಚ್ಚಿನ ಬೆಲೆಯಿದೆ. ಈ ಹೆಸರಿನ ಹಿಂದೆ ನಮ್ಮ ನಾಡಿನ ಸಂಬಂಧವಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣವನ್ನು ಸೌದೆ, ಎಲೆಗಳ ಜೊತೆ ಮುಚ್ಚಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾದವರೆಗೆ ಹೋಗುತ್ತಿದ್ದವು, ಅವುಗಳಿಂದ ಮಾಡಿದ ಕತ್ತಿಗಳ ಮೈಮೇಲೆ ಸಹಜವಾಗಿಯೇ ಅಲೆಯಂಥ ವಿನ್ಯಾಸ ಮೂಡುತ್ತಿತ್ತು. ಯುರೋಪಿನವರು ಅದನ್ನು ವೂಟ್ಸ್ ಎಂದು ಕರೆದರು. ಆ ಪದ ನಮ್ಮ ಉಕ್ಕು ಎಂಬ ಪದದಿಂದಲೇ ಬಂದಿರಬೇಕೆನ್ನುವುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ್ದರು, ಅದಾದ ಎರಡು ದಶಕಗಳ ಮೇಲೆ ಮೈಕೆಲ್ ಫ್ಯಾರಡೆ ಅದರ ಗುಟ್ಟನ್ನು ಹುಡುಕಲು ಪ್ರಯೋಗ ನಡೆಸಿದ್ದರು.

ಇಂದಿನ ಅಡುಗೆ ಚಾಕುವಿನ ಮೇಲಿರುವ ಗೆರೆಗಳಿಗೂ ಆ ಉಕ್ಕಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಈಗಿನದು ಎರಡು ಬಗೆಯ ಮೆದು ಲೋಹಗಳನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಕಾಣಿಸುವಂತೆ ಮಾಡಿದ ಹೊದಿಕೆ. ಕತ್ತರಿಸುವುದು ನಡುವೆ ಇರುವ ಒಂದೇ ಗಟ್ಟಿ ಪದರ, ಬಹುಪಾಲು ಅದು ವಿಜಿ-10. ಗೆರೆಯಿಲ್ಲದ ವಿಜಿ-10 ಚಾಕುವೂ ಅಷ್ಟೇ ಚೆನ್ನಾಗಿ ಕತ್ತರಿಸುತ್ತದೆ. ಗೆರೆಗಳು ಚೆಲುವಾಗಿವೆ, ಅವನ್ನು ಮೆಚ್ಚಿ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅವು ಹರಿತವನ್ನು ಹೆಚ್ಚಿಸುತ್ತವೆ ಎಂದು ನಂಬಿ ಹಣ ಕೊಡುವುದು ಬೇಡ. ಇನ್ನು ಎರಡು ಮೂರು ಸಾವಿರಕ್ಕೆ ಸಿಗುವ ಕೆಲವು ಚಾಕುಗಳಲ್ಲಿ ಈ ವಿನ್ಯಾಸವನ್ನು ಲೇಸರಿನಿಂದ ಮೇಲ್ಮೈಗೆ ಬರೆದಿರುತ್ತಾರೆ, ನಾಲ್ಕು ಸಲ ತಿಕ್ಕಿ ತೊಳೆದರೆ ಮಾಸತೊಡಗುತ್ತದೆ. ಅಂಥವನ್ನು ಮುಟ್ಟದಿರುವುದೇ ಲೇಸು.

ಹುಳಿ, ಸೊನೆ ಮತ್ತು ತುಕ್ಕು

ಕಾರ್ಬನ್ ಉಕ್ಕಿನ ಚಾಕುವನ್ನು ನಾನು ಬಹಳ ಪ್ರೀತಿಸುತ್ತೇನೆ, ಆದರೂ ನಮ್ಮ ಅಡುಗೆಗೆ ಅದು ಕಷ್ಟದ ಸಂಗಾತಿ ಎಂದು ಒಪ್ಪಿಕೊಳ್ಳಬೇಕು. ಮಾವಿನಕಾಯಿ, ನಿಂಬೆ, ಟೊಮೆಟೊ ಹೆಚ್ಚಿದ ಕ್ಷಣದಲ್ಲಿಯೇ ಅಲಗು ಬೂದು ಬಣ್ಣಕ್ಕೆ ತಿರುಗುತ್ತದೆ. ಬಾಳೆಕಾಯಿ, ಬಾಳೆದಿಂಡು, ಹಲಸಿನ ಗುಜ್ಜೆಯ ಸೊನೆ ತಾಗಿದರೆ ಕಪ್ಪಾಗುತ್ತದೆ, ಆ ಕಪ್ಪು ಮುಂದಿನ ಹೋಳಿಗೂ ಹತ್ತುತ್ತದೆ. ಕೆಲವು ವಾರ ಬಳಸಿದ ಮೇಲೆ ಅಲಗಿನ ಮೇಲೆ ಬೂದುನೀಲಿ ಪೊರೆಯೊಂದು ಕಟ್ಟಿಕೊಂಡು ಈ ತೊಂದರೆ ಇಳಿಯುತ್ತದೆ, ಆದರೆ ಒದ್ದೆಯಾಗಿ ಹತ್ತು ನಿಮಿಷ ಬಿಟ್ಟರೆ ಕೆಂಪು ತುಕ್ಕು ಮಾತ್ರ ಬಂದೇ ಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒರೆಸಿಟ್ಟ ಚಾಕುವಿನ ಮೇಲೂ ಬೆಳಗಾಗುವಷ್ಟರಲ್ಲಿ ಚುಕ್ಕೆಗಳೇಳುವುದನ್ನು ನೋಡಿದ್ದೇನೆ. ತೆಳುವಾಗಿ ಕೊಬ್ಬರಿ ಎಣ್ಣೆ ಸವರಿಟ್ಟರೆ ತಡೆಯಬಹುದು. ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ಇದೆಲ್ಲ ಸಾಧ್ಯ. ನಾಲ್ಕು ಜನ ಬಳಸುವ, ಪಾತ್ರೆಗಳೊಡನೆ ತೊಟ್ಟಿಯಲ್ಲಿ ಬೀಳುವ ಚಾಕು ತುಕ್ಕು ಹಿಡಿಯದ ಉಕ್ಕಿನದೇ ಆಗಿರಲಿ.

ಮಸೆಯದವರಿಗೆ ದುಬಾರಿ ಚಾಕು ಏಕೆ ನಷ್ಟ

ಈ ಇಡೀ ಹೋಲಿಕೆಯಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವುದು ಮಸೆಯುವ ವಿಷಯ. ಎಂಥ ಉಕ್ಕೇ ಆದರೂ ಒಂದು ದಿನ ಮೊಂಡಾಗುತ್ತದೆ. ನಮ್ಮ ಮನೆಯಲ್ಲಿ ಐದು ಜನರ ಎರಡು ಹೊತ್ತಿನ ಅಡುಗೆಗೆ ಸಾಧಾರಣ ಚಾಕು ಹತ್ತು ದಿನದಲ್ಲಿ ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗುತ್ತದೆ, ಸ್ವಿಸ್ ಚಾಕು ಕಡ್ಡಿಗೆ ಉಜ್ಜುತ್ತಾ ಹೋದರೆ ಒಂದೂವರೆ ತಿಂಗಳು ಬರುತ್ತದೆ, ವಿಜಿ-10 ಏನೂ ಮಾಡದೆ ಎರಡು ತಿಂಗಳು, ಎಸ್‌ಜಿ2 ಮೂರು ತಿಂಗಳಿಗೂ ಮೇಲೆ ಬರುತ್ತದೆ. ಮೂರು ತಿಂಗಳಾದ ಮೇಲೆ ಮಸೆಯದೆ ಹೋದರೆ, ಆರನೆಯ ತಿಂಗಳಿನ ಹೊತ್ತಿಗೆ ಹದಿನೈದು ಸಾವಿರದ ಚಾಕುವೂ ನೂರು ರೂಪಾಯಿಯ ಚಾಕುವೂ ಸಮಾನ. ಆಗ ಕೊಟ್ಟ ಹೆಚ್ಚಿನ ಹಣದಿಂದ ಸಿಕ್ಕಿದ್ದು ಕೆಲವು ತಿಂಗಳ ಸುಖ ಮಾತ್ರ.

ಬೀದಿಯಲ್ಲಿ ಸೈಕಲ್ ಚಕ್ರ ತುಳಿಯುತ್ತಾ ಸಾಣೆ ಹಿಡಿಯುವವರಲ್ಲಿ ಕೊಟ್ಟರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಸಾಧಾರಣ ಚಾಕುವಿಗೆ, ಈಳಿಗೆಮಣೆಗೆ, ಕತ್ತರಿಗೆ ಅವರ ಕೆಲಸ ಸರಿಹೋಗುತ್ತದೆ, ಆ ಕಸುಬು ನಮ್ಮ ಬೀದಿಗಳಲ್ಲಿ ಉಳಿಯಬೇಕು ಎನ್ನುವುದೂ ನನ್ನ ಆಸೆ. ಆದರೆ ಒಣ ಚಕ್ರಕ್ಕೆ ತಾಗಿ ಕಿಡಿ ಹಾರುವಾಗ ಅಂಚು ವಿಪರೀತ ಬಿಸಿಯಾಗುತ್ತದೆ. ಕಾರ್ಬನ್ ಉಕ್ಕಿನ ಚಾಕುವಿಗೆ ಹದ ಕೊಟ್ಟಿರುವುದೇ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೆಳುವಾದ ಅಂಚು ಚಕ್ರದ ಮೇಲೆ ಅದನ್ನು ಕ್ಷಣದಲ್ಲಿ ದಾಟಿ ತನ್ನ ಗಡಸುತನವನ್ನು ಕಳೆದುಕೊಳ್ಳುತ್ತದೆ. ಎಳೆದು ಎಳೆದು ಹರಿತ ಮಾಡುವ ಅಗ್ಗದ ಪುಟ್ಟ ಯಂತ್ರಗಳು ಗಟ್ಟಿ ಉಕ್ಕಿನ ಅಂಚನ್ನು ಕಿತ್ತು ಹಾಕುತ್ತವೆ. ಆದ್ದರಿಂದ 60ರ ಮೇಲಿನ ಗಡಸುತನದ ಚಾಕುವಿಗೆ ನೀರುಕಲ್ಲೇ, ಅಂದರೆ ನೀರು ಹಾಕಿ ಮಸೆಯುವ ಕಲ್ಲೇ ದಾರಿ.

ಕಲಿಯುವುದು ಜನ ಭಯಪಡುವಷ್ಟು ಕಷ್ಟವಲ್ಲ. 1000 ಗ್ರಿಟ್ಟಿನ ಒಂದು ಮಸೆಗಲ್ಲು ಸಾಕು (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು). ಎರಡು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ. ಅದನ್ನು ಒದ್ದೆ ಬಟ್ಟೆಯ ಮೇಲೆ ಅಲುಗದಂತೆ ಇಟ್ಟು, ಬೆನ್ನಿನ ಕೆಳಗೆ ಎರಡು ನಾಣ್ಯ ಹಿಡಿಸುವಷ್ಟು ಎತ್ತಿ, ಒಂದು ಬದಿಯನ್ನು ಬುಡದಿಂದ ಮೊನೆಯವರೆಗೆ ಉಜ್ಜುತ್ತಾ ಹೋಗಬೇಕು. ಇನ್ನೊಂದು ಬದಿಯಲ್ಲಿ ಹೆಬ್ಬೆರಳಿಗೆ ಸಣ್ಣ ಒರಟು ಎಳೆ ತಾಗಿದಾಗ ಆ ಬದಿ ಮುಗಿಯಿತೆಂದು ಅರ್ಥ. ಆಮೇಲೆ ಮಗುಚಿ ಅದೇ ಕೆಲಸ, ಕೊನೆಗೆ ಎರಡೂ ಬದಿಗೆ ಹಗುರವಾಗಿ ನಾಲ್ಕಾರು ಸಲ. ಮೊದಲ ಎರಡು ಮೂರು ಪ್ರಯತ್ನಗಳನ್ನು ಮನೆಯ ಹಳೆಯ ಚಾಕುವಿನ ಮೇಲೆಯೇ ಮಾಡಬೇಕು. ಟೊಮೆಟೊ, ಬದನೆಯಂಥ ಸಿಪ್ಪೆಯಿರುವ ತರಕಾರಿಗಳೇ ಹೆಚ್ಚಾಗಿರುವ ನಮಗೆ 6000 ಗ್ರಿಟ್ಟಿನ ನುಣುಪು ಬೇಕಾಗಿಯೂ ಇಲ್ಲ. 1000ರ ಅಂಚಿನಲ್ಲಿ ಉಳಿಯುವ ಕಣ್ಣಿಗೆ ಕಾಣದ ಹಲ್ಲುಗಳು ಸಿಪ್ಪೆಯನ್ನು ಚೆನ್ನಾಗಿ ಕಚ್ಚುತ್ತವೆ.

ಹೆಚ್ಚುವ ಮಣೆಯದೂ ಇದೇ ಮಾತು. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ, ಗಾಜಿನ ಹಲಗೆಯ ಮೇಲೆ ಹೆಚ್ಚುವ ಅಭ್ಯಾಸವಿರುವವರು ಯಾವ ದುಬಾರಿ ಚಾಕುವನ್ನೂ ಕೊಳ್ಳಬಾರದು, ಮೊದಲು ಮರದ ಮಣೆ ಕೊಳ್ಳಬೇಕು.

ನಮ್ಮಲ್ಲಿಯೇ ಇರುವ ಆಯ್ಕೆ

ಈಳಿಗೆಮಣೆಯನ್ನು, ಮಲೆನಾಡಿನವರ ಮೆಟ್ಟುಗತ್ತಿಯನ್ನು ಈ ಹೋಲಿಕೆಯಿಂದ ಹೊರಗಿಡುವುದು ಸರಿಯಲ್ಲ. ಅಲಗು ನೆಲದ ಮೇಲೆ ಸ್ಥಿರವಾಗಿ ನಿಂತು, ಎರಡೂ ಕೈ ತರಕಾರಿಯನ್ನು ಹಿಡಿದಿರುವುದರಿಂದ ಹಲಸಿನ ಕಾಯಿ, ಬೂದುಗುಂಬಳ, ಸುವರ್ಣಗೆಡ್ಡೆಗಳಂಥ ದೊಡ್ಡ ಕಾಯಿಗಳನ್ನು ಒಡೆಯಲು ಇದಕ್ಕೆ ಸಮನಾದದ್ದು ಯಾವ ದೇಶದ ಚಾಕುವಿನಲ್ಲಿಯೂ ಇಲ್ಲ. ನೆಲದ ಮೇಲೆ ಕೂರಲಾಗದ ಮಂಡಿನೋವಿನವರಿಗೆ, ನಿಂತು ಅಡುಗೆ ಮಾಡುವ ಕಟ್ಟೆಗೆ ಅದು ಒಗ್ಗುವುದಿಲ್ಲ ಎನ್ನುವುದಷ್ಟೇ ಕೊರತೆ. ಊರಿನ ಕುಲುಮೆಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡುವ ಕತ್ತಿಯೂ ಒಳ್ಳೆಯ ಉಕ್ಕಿನದೇ, ಪೆಟ್ಟು ತಡೆಯುವಂಥದ್ದೇ. ಸಾಮಾನ್ಯವಾಗಿ ದಪ್ಪವಾಗಿರುತ್ತದೆ ಅಷ್ಟೆ. ತೆಂಗಿನ ಕಾಯಿ, ಮೂಳೆ, ಮೀನಿನ ತಲೆಯ ಕೆಲಸಗಳಿಗೆ ಕೆಲವು ನೂರು ರೂಪಾಯಿಯ ಆ ಕತ್ತಿಯನ್ನು ಇಟ್ಟುಕೊಂಡರೆ, ತೆಳು ಚಾಕುವನ್ನು ತೆಳು ಕೆಲಸಕ್ಕೆ ಉಳಿಸಿಕೊಳ್ಳಬಹುದು.

ಇಪ್ಪತ್ತು ಸಾವಿರದ ಮೇಲೆ

ಈ ಬೆಲೆಯಲ್ಲಿ ಸಿಗುವುದು ಹೆಸರಿರುವ ಒಬ್ಬ ವ್ಯಕ್ತಿಯ ಕೆಲಸ. ಬೆನ್ನಿನ ಮೂಲೆಗಳನ್ನು ಬೆರಳಿಗೆ ನೋಯದಂತೆ ದುಂಡಗಾಗಿಸಿರುತ್ತಾರೆ, ಬುಡದಿಂದ ಮೊನೆಯವರೆಗೆ ಅಲಗಿನ ದಪ್ಪ ಒಂದೇ ಲಯದಲ್ಲಿ ಇಳಿಯುತ್ತದೆ, ಹೋಳು ಅಲಗಿಗೆ ಅಂಟದೆ ಬೀಳುವಂತೆ ಮೇಲ್ಮೈಯನ್ನು ಸಣ್ಣಗೆ ಉಬ್ಬಿಸಿರುತ್ತಾರೆ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡುವಾಗ ಈ ಕೊನೆಯ ಗುಣ ನಿಜಕ್ಕೂ ಗೊತ್ತಾಗುತ್ತದೆ. ಇಡೀ ಚಾಕುವನ್ನು ಒಂದೇ ಉಕ್ಕಿನಲ್ಲಿ ಮಾಡಿ, ಬೆನ್ನಿಗೆ ಮಣ್ಣು ಬಳಿದು ತಣಿಸುವ ಹೊನ್‌ಯಾಕಿ ಚಾಕುಗಳಲ್ಲಿ ಎಷ್ಟೋ ಅಲಗುಗಳು ತಣಿಸುವಾಗಲೇ ಬಿರುಕು ಬಿಡುತ್ತವೆ. ಉಳಿದವುಗಳ ಬೆಲೆ ಲಕ್ಷ ಯೆನ್ ದಾಟುವುದಕ್ಕೆ ಅದೂ ಒಂದು ಕಾರಣ. ನುರಿತ ಕೈಗೆ ತಕ್ಕ ಕೂಲಿ ಸಿಗಬೇಕೆಂದು ನಂಬುವವನಾದ್ದರಿಂದ ಈ ಬೆಲೆಯನ್ನು ನಾನು ಮೋಸವೆಂದು ಕರೆಯಲಾರೆ. ಕೈಮಗ್ಗದ ಸೀರೆಗೆ ಕೊಡುವ ಹಣದಂತೆ ಇದೂ ಕೂಡ. ಆದರೆ ಸಾರಿನ ಬೇಳೆ ಬೇಯುವಷ್ಟರಲ್ಲಿ ತರಕಾರಿ ಹೆಚ್ಚಿ ಮುಗಿಸಲು ಇದು ಬೇಕೇ ಎಂದು ಕೇಳಿದರೆ, ಬೇಡ.

ಹೊಸದಾಗಿ ಮನೆ ಹೂಡುತ್ತಿರುವ ನನ್ನ ತಂಗಿ ಕಳೆದ ವರ್ಷ ಇದೇ ಪ್ರಶ್ನೆ ಕೇಳಿದಾಗ, ಒಂದು ಸ್ವಿಸ್ ಚಾಕು, ಒಂದು ಮರದ ಮಣೆ, 1000ರ ಒಂದು ಕಲ್ಲು ಕೊಳ್ಳಲು ಹೇಳಿದೆ. ಮೂರೂ ಸೇರಿ ಒಂದು ಜರ್ಮನ್ ಚಾಕುವಿನ ಬೆಲೆಯೊಳಗೆ ಬಂದವು. ಆ ಕಲ್ಲನ್ನು ಆರು ತಿಂಗಳು ಬಳಸಿ, ಮಸೆಯುವುದು ಹಿಡಿಸಿತು ಎಂದರೆ ಆಗ ವಿಜಿ-10ರ ಗೆರೆಯಿಲ್ಲದ ನಕಿರಿಯನ್ನು ನೋಡೋಣ ಎಂದಿದ್ದೆ. ಹೋದ ತಿಂಗಳು ಅವಳ ಮನೆಗೆ ಹೋದಾಗ ಕಲ್ಲಿನ ನಡುವೆ ಸಣ್ಣ ತಗ್ಗು ಬಿದ್ದಿತ್ತು. ಅದನ್ನು ಸಮ ಮಾಡುವುದನ್ನು ತೋರಿಸಿಕೊಟ್ಟು, ನಕಿರಿಯ ಅಳತೆಗೆ ಅವಳ ಅಂಗೈಯನ್ನು ಅಳೆದುಕೊಂಡು ಬಂದಿದ್ದೇನೆ.